ಕಾಂದಿವಲಿಯಲ್ಲೊಂದು ಮುಧೋಳ ನಾಯಿ

ಮೆಂತ್ಯ ಸೊಪ್ಪಿನ ರಾಶಿಯ ಮೇಲೆ ನೀವು ಯಾವತ್ತಾದರೂ ಮಕಾಡೆ ಬಿದ್ದಿದ್ದೀರಾ? ನಾನು ಬಿದ್ದಿದ್ದೇನೆ. ಅದೂ ಕಾಂದಿವಲಿ ಸ್ಟೇಷನ್ನಿನ ಹೊರಗಿನ ತರಕಾರಿ ಮಾರ್ಕೆಟ್ಟಿನಲ್ಲಿ, ಬೆಳಗಿನ ಲೋಕಲ್ ಹಿಡಿಯಲು ಹೊರಟ ಅರ್ಧ ಊರಿನ ಕಣ್ಣೆದುರು.

ನನ್ನ ಕೈಯಲ್ಲಿ ಬೆಲ್ಟ್ ಇತ್ತು. ಬೆಲ್ಟಿನ ಇನ್ನೊಂದು ತುದಿಯಲ್ಲಿ ನಮ್ಮ ನಾಯಿ ಚೀಕೂ ಇದ್ದ. ರಸ್ತೆಯ ಆಚೆ ಬದಿಯಲ್ಲಿ ಒಂದು ಬೆಕ್ಕು ಇತ್ತು. ಉಳಿದದ್ದನ್ನು ನಾನು ಹೇಳಬೇಕಿಲ್ಲ.

"ಮೌಶೀ, ಕುತ್ತಾ ಪಾಲಾ ಹೈ ಕಿ ಘೋಡಾ?" ಸೊಪ್ಪಿನವಳು ಕೇಳಿದಳು. ನಾಯಿ ಸಾಕಿದ್ದೀಯೋ, ಕುದುರೆಯನ್ನೋ ಎಂದು. ಬಿದ್ದವಳನ್ನು ಎತ್ತುವ ಮೊದಲೇ ಕೇಳಿದಳು. ತಪ್ಪೇನಿಲ್ಲ, ಅವಳ ಸೊಪ್ಪು ಹಾಳಾಗಿತ್ತು.

ಈ ಅಂಕಣದ ಹಳೆಯ ಓದುಗರಿಗೆ ನನ್ನ ಮಂಡಿನೋವಿನ ಪರಿಚಯವಿದೆ (ನಮ್ಮ ಯಜಮಾನರಿಗಿಂತ ಹೆಚ್ಚು ಸಲ ಅದೇ ಇಲ್ಲಿ ಬಂದು ಹೋಗಿದೆ). ಇಂಥ ಮಂಡಿಯವಳಿಗೆ ಬೇಟೆನಾಯಿ ಯಾಕೆ ಬೇಕಿತ್ತು ಅಂತ ನೀವು ಕೇಳಬಹುದು. ನನಗೆ ಬೇಕಿರಲಿಲ್ಲ. ತಂದವನು ನನ್ನ ಮಗ ನಿಖಿಲ್.

ನಿಖಿಲ್ ಅಂಧೇರಿಯ ಒಂದು ಸ್ಟುಡಿಯೋದಲ್ಲಿ ವಿಡಿಯೋ ಎಡಿಟಿಂಗ್ ಮಾಡುತ್ತಾನೆ. ಅಲ್ಲಿನ ಅವನ ಗೆಳೆಯನೊಬ್ಬ ಮೊಬೈಲಿನಲ್ಲಿ ಯಾವುದೋ ರೀಲ್ ನೋಡಿ ಮರುಳಾಗಿ ಮುಧೋಳ ಮರಿಯೊಂದನ್ನು ತರಿಸಿಕೊಂಡಿದ್ದ. ಬಾಡಿಗೆ ಮನೆಯ ಮಾಲೀಕ ನಾಯಿ ಇರಬೇಕು ಇಲ್ಲವೇ ನೀನಿರಬೇಕು ಅಂದನಂತೆ. ಗೆಳೆಯ ತಾನೇ ಇರುವುದೆಂದು ತೀರ್ಮಾನಿಸಿದ. ಹಾಗಾಗಿ ಒಂದು ಸಂಜೆ ಆ ಮರಿ ನಿಖಿಲ್‌ನ ಜಾಕೆಟ್ಟಿನೊಳಗೆ ಕೂತು ಆಟೋದಲ್ಲಿ ನಮ್ಮ ಮನೆಗೆ ಬಂತು.

"ಮಮ್ಮೀ, ಬಸ್ ಎರಡು ದಿವಸ. ಫಿರ್ ಯಾರಾದ್ರೂ ಅಡಾಪ್ಟ್ ಮಾಡ್ತಾರೆ. ಪ್ರಾಮಿಸ್."

(ನನ್ನ ಮಗನ ಕನ್ನಡ ಇಷ್ಟೇ. ಅದರಲ್ಲೂ ಏನಾದರೂ ಬೇಕಾದಾಗ ಮಾತ್ರ.)

ನಮ್ಮ ಯಜಮಾನರು ಸಯನ್ನಿನ ಒಂದು ಹೋಟೆಲಿನಲ್ಲಿ ಮ್ಯಾನೇಜರ್. ಅವರು ಮನೆಗೆ ಬಂದು ಕನ್ನಡಕ ಸರಿ ಮಾಡಿಕೊಂಡು ಮರಿಯನ್ನು ನೋಡಿದರು. ಕಡ್ಡಿಯಂಥ ಕಾಲು, ಎಣಿಸಬಹುದಾದ ಪಕ್ಕೆಲುಬು, ಸಪೋಟಾ ಹಣ್ಣಿನ ಬಣ್ಣ. "ಎಂತದು ಮಾರಾಯ್ತಿ ಇದು? ಮೊದ್ಲು ಸಾಕಿದವ್ರು ಇದಕ್ಕೆ ಊಟವೇ ಹಾಕ್ಲಿಲ್ವಾ?" ಅಂದರು. ಮಾರನೇ ದಿನ ಹೋಟೆಲಿನಿಂದ ಬೇಯಿಸಿದ ಮೊಟ್ಟೆ ಬಂತು. ಮೂರನೇ ದಿನ ಮರಿಗೆ ಚೀಕೂ ಎಂಬ ಹೆಸರು ಬಂತು. ಹೆಸರಿಟ್ಟ ಮೇಲೆ ಯಾರು ಯಾರನ್ನು ಕಳಿಸುತ್ತಾರೆ?

ಮೊಟ್ಟೆ ತಿಂದ ಚೀಕೂ ದಪ್ಪವಾಗಲಿಲ್ಲ. ಉದ್ದವಾದ. ಕಾಲು ಉದ್ದ, ಕತ್ತು ಉದ್ದ, ಮೂತಿ ಉದ್ದ. ಲಿಫ್ಟಿನಲ್ಲಿ ಸಿಕ್ಕವರೆಲ್ಲ "ಬೇಚಾರಾ, ಊಟ ಕೊಡಿ ಅವನಿಗೆ" ಎಂದು ಉಪದೇಶ ಮಾಡತೊಡಗಿದರು. ಈ ಜಾತಿಯೇ ಹೀಗೆ ಎಂದರೆ ಯಾರೂ ನಂಬಲಿಲ್ಲ. ನಾನು ಮಾತ್ರ ನಂಬಿದೆ, ಯಾಕೆಂದರೆ ಅಡುಗೆ ಮಾಡುತ್ತಿದ್ದವಳು ನಾನು.

ಮೊದಲ ಕೆಲವು ತಿಂಗಳು ಎಲ್ಲವೂ ಚೆನ್ನಾಗಿತ್ತು. ನಮ್ಮ ಬಿಲ್ಡಿಂಗಿನ ಹಿಂದೆ ಒಂದು ಮೈದಾನವಿತ್ತು. ಬೆಳಕು ಹರಿಯುತ್ತಿದ್ದಂತೆ ನಿಖಿಲ್ ಅವನನ್ನು ಅಲ್ಲಿಗೆ ಕರೆದೊಯ್ದು ಬೆಲ್ಟ್ ಬಿಚ್ಚುತ್ತಿದ್ದ. ಚೀಕೂ ಮೈದಾನವನ್ನು ಸುತ್ತು ಹಾಕುತ್ತಿದ್ದ, ಮತ್ತೆ ಸುತ್ತು ಹಾಕುತ್ತಿದ್ದ. ಮನೆಗೆ ಬಂದವನೇ ಒಂದು ಬಟ್ಟಲು ನೀರು ಕುಡಿದು ಸೋಫಾ ಏರಿ ಮಲಗಿದರೆ ಇಡೀ ದಿನ ಅವನ ಸುದ್ದಿಯಿಲ್ಲ. ನಾನು ನನ್ನ ಪಾಡಿಗೆ ಬರೆಯುತ್ತಿದ್ದೆ. ಎಂಥ ಶಾಂತ ಪ್ರಾಣಿ, ಸುಮ್ಮನೆ ಹೆದರಿದ್ದೆ ಅಂದುಕೊಂಡೆ.

ಆಮೇಲೆ ಒಂದು ದಿನ ಆ ಮೈದಾನದ ಸುತ್ತ ನೀಲಿ ತಗಡು ಬಿತ್ತು.

ಮುಂಬಯಿಯಲ್ಲಿ ಇರುವವರಿಗೆ ನೀಲಿ ತಗಡು ಎಂದರೆ ಏನೆಂದು ವಿವರಿಸಬೇಕಿಲ್ಲ. ಅದರ ಹಿಂದೆ ಏನು ಏಳುತ್ತದೆ ಎಂದು ಯಾರೂ ಕೇಳುವುದಿಲ್ಲ. ಟವರ್ ಏಳುತ್ತದೆ. ಕ್ರಿಕೆಟ್ ಆಡುತ್ತಿದ್ದ ಮಕ್ಕಳು ಒಂದೆರಡು ವಾರ ತಗಡಿನ ಸಂದಿಯಲ್ಲಿ ಇಣುಕಿದರು. ಆಮೇಲೆ ಕಾಂಪೌಂಡಿಗೆ ಬಂದರು. ಕಾಂಪೌಂಡಿನಲ್ಲಿ ಚೆಂಡಾಟ ನಿಷೇಧ ಎಂಬ ಬೋರ್ಡ್ ಬಂತು. ಈಗ ಅವರೆಲ್ಲ ಮೆಟ್ಟಿಲ ಮೇಲೆ ಸಾಲಾಗಿ ಕೂತು ಮೊಬೈಲಿನಲ್ಲಿ ಕ್ರಿಕೆಟ್ ಆಡುತ್ತಾರೆ. ಮಕ್ಕಳು ಅಡ್ಜಸ್ಟ್ ಆದರು. ನಾಯಿ ಆಗಲಿಲ್ಲ.

ಮುಂಬಯಿ ಓಡುವ ಊರು ಅಂತ ಹೇಳುತ್ತಾರಲ್ಲ, ಯಾರು ಓಡುತ್ತಾರೆ ಇಲ್ಲಿ? ಲೋಕಲ್ ಓಡುತ್ತದೆ. ನಾವು ಅದರೊಳಗೆ ಒಬ್ಬರ ಬೆವರಿಗೆ ಒಬ್ಬರು ಅಂಟಿಕೊಂಡು ನಿಂತಿರುತ್ತೇವೆ. ನಿಜವಾಗಿ ನಾಲ್ಕು ಕಾಲೆತ್ತಿ ಓಡಬೇಕಾದವನಿಗೆ ಈ ಊರಿನಲ್ಲಿ ಜಾಗ ಎಲ್ಲಿದೆ?

ಚೀಕೂ ಮೊದಲು ಚಪ್ಪಲಿ ತಿಂದ. ನಂತರ ಬಾಗಿಲಿನ ಮೂಲೆ. ನಂತರ ಸೋಫಾ. ಸೋಫಾದ ಹೊಟ್ಟೆ ಬಗೆದು ಹತ್ತಿಯನ್ನೆಲ್ಲ ಹಾಲ್ ತುಂಬ ಹರಡಿ ನಡುವೆ ನಿಂತು ಬಾಲ ಅಲ್ಲಾಡಿಸುತ್ತಿದ್ದ. ಬಾಲ್ಕನಿಯಿಂದ ಅಡುಗೆಮನೆಗೆ, ಅಡುಗೆಮನೆಯಿಂದ ಬಾಲ್ಕನಿಗೆ ಓಡಾಟ. ಎರಡು ನೆಗೆತಕ್ಕೆ ನಮ್ಮ ಮನೆ ಮುಗಿದುಹೋಗುತ್ತಿತ್ತು. ಮಾತಾಡುವ ಪ್ರಾಣಿಯಾಗಿದ್ದರೆ, ಇಷ್ಟೇನಾ ನಿಮ್ಮ ಮನೆ ಅಂತ ಕೇಳುತ್ತಿದ್ದ.

ನಾವು ಸುಮ್ಮನೆ ಕೂರಲಿಲ್ಲ. ಬೆಳಿಗ್ಗೆ ನಿಖಿಲ್ (ಅವನು ಏಳದ ದಿನ ನಾನೇ; ಮೆಂತ್ಯ ಸೊಪ್ಪಿನ ಮೇಲೆ ಬಿದ್ದದ್ದು ಅಂಥ ಒಂದು ದಿನ), ಮಧ್ಯಾಹ್ನ ನಾನು, ಸಂಜೆ ಮತ್ತೆ ನಾನು, ಬೆಲ್ಟ್ ಹಿಡಿದು ಗಂಟೆಗಟ್ಟಲೆ ನಡೆದೆವು. ನಡಿಗೆ ಅವನಿಗೆ ಲೆಕ್ಕಕ್ಕೇ ಇಲ್ಲ. ಟೆರೇಸಿನಲ್ಲಿ ಓಡಿಸಲು ಅನುಮತಿ ಕೇಳಿದೆವು. ಸೊಸೈಟಿಯ ಸೆಕ್ರೆಟರಿ ಪರಬ್ ಸಾಹೇಬರು ಒಳ್ಳೆಯವರು, ಒಪ್ಪಿದರು. ಒಂದು ವಾರ ಕಳೆಯುವುದರೊಳಗೆ ಮೇಲಿನ ಮಹಡಿಯ ದೇಸಾಯಿ ಆಂಟಿ ತಲೆಯ ಮೇಲೆ ಕುದುರೆ ಓಡುತ್ತಿದೆ ಎಂದು ದೂರು ಕೊಟ್ಟರು. ಟೆರೇಸಿಗೆ ಬೀಗ ಬಿತ್ತು.

ಡಾಕ್ಟರರ ಬಳಿ ಹೋದೆವು. ಚೀಕೂ ತನ್ನ ಮುಂಗಾಲನ್ನು ತಾನೇ ನೆಕ್ಕಿ ನೆಕ್ಕಿ ಗಾಯ ಮಾಡಿಕೊಂಡಿದ್ದ. ಚರ್ಮರೋಗ ಅಂದುಕೊಂಡಿದ್ದೆ.

"ಇವನಿಗೆ ರೋಗ ಏನೂ ಇಲ್ಲ. ಓಡಬೇಕು, ಅಷ್ಟೇ," ಅಂದರು ಡಾಕ್ಟರ್.

"ಎಲ್ಲಿ ಡಾಕ್ಟರ್?"

ಅವರು ಕಿಟಕಿಯ ಹೊರಗೆ ನೋಡಿದರು. ಹೊರಗೆ ಟ್ರಾಫಿಕ್ ನಿಂತಿತ್ತು. ಮುಲಾಮು ಬರೆದುಕೊಟ್ಟರು.

ಸೋಫಾ ರಿಪೇರಿಗೆ ಬಂದವರು ಮೆಹಬೂಬ್ ಭಾಯಿ. ನಮ್ಮ ಕಡೆಯ ಇಂಡಸ್ಟ್ರಿಯಲ್ ಎಸ್ಟೇಟಿನಲ್ಲಿ ಅವರದೊಂದು ಸೋಫಾ ಕೆಲಸದ ಗಾಳೆ ಇದೆ (ಮುಂಬಯಿಯವರು ಸಣ್ಣ ಕಾರ್ಖಾನೆಯ ಕೋಣೆಗೆ ಹೀಗನ್ನುತ್ತಾರೆ). ಬಾಗಿಲು ತೆರೆದ ಕೂಡಲೇ ಚೀಕೂ ಅವರ ಎದೆಯ ಮೇಲೆ ಎರಡು ಕಾಲಿಟ್ಟು ನಿಂತ. ನಾನು ಹಿಂದಿಯಲ್ಲಿ ಸಾರಿ ಕೇಳಲು ಹೊರಟೆ. ಅವರ ಬಾಯಿಂದ ಕನ್ನಡ ಬಂತು.

"ಅಯ್ಯ, ಇದು ನಮ್ಮ ಕಡೀ ನಾಯಿ ಅಲ್ರೀ! ಮುಧೋಳದ್ದು! ಇಲ್ಲಿ ಹ್ಯಾಂಗ ಬಂತ್ರೀ ಇದು?"

ಮೆಹಬೂಬ್ ಭಾಯಿಯ ಊರು ಬಾಗಲಕೋಟೆಯ ಹತ್ತಿರದ ಒಂದು ಹಳ್ಳಿ. ಸೋಫಾ ಅಲ್ಲೇ ಬಿತ್ತು, ಅವರು ನೆಲದ ಮೇಲೆ ಕೂತರು, ನಾಯಿ ಅವರ ತೊಡೆಯ ಮೇಲೆ ತಲೆಯಿಟ್ಟಿತು. ಊರು ಬಿಟ್ಟು ಬಂದ ಇಬ್ಬರು ಯಾವುದೋ ಸ್ಟೇಷನ್ನಿನಲ್ಲಿ ಎದುರಾದ ಹಾಗಿತ್ತು. ಚಹಾ ಕುಡಿಯುತ್ತ ಅವರು ಅಂದರು:

"ನಮ್ಮಣ್ಣಂದು ಹೊಲ ಐತ್ರೀ ಊರಾಗ. ಅವಂಗ ನಾಯಿ ಹುಚ್ಚು. ನೀವು ಹ್ಞೂಂ ಅಂದ್ರ ಮುಂದಿನ ಸಲ ಊರಿಗಿ ಹೋಗುಮುಂದ ಕರ್ಕೊಂಡ್ ಹೋಗ್ತೀನಿ. ಪಾಪ, ಇಲ್ಲಿ ಏನ್ ಮಾಡ್ತದ್ರೀ ಇದು?"

ಸಂಜೆ ನಿಖಿಲ್‌ಗೆ ಹೇಳಿದೆ. ಅವನ ಮುಖ ಕೆಂಪಾಯಿತು.

"ನೋ ವೇ ಮಮ್ಮೀ. ಹೀ ಈಸ್ ಫ್ಯಾಮಿಲಿ. ಫ್ಯಾಮಿಲಿನ ಯಾರಾದ್ರೂ ಕೊಡ್ತಾರಾ?"

"ಹೊಲ ಇದೆ ಕಣೋ ಅಲ್ಲಿ. ಓಡ್ತಾನೆ."

"ಔರ್ ಮಲಗೋದು ಎಲ್ಲಿ? ಔಟ್‌ಸೈಡ್ ಕಟ್ಟಿ ಹಾಕ್ತಾರೆ. ಮಳೆ ಬಂದ್ರೆ? ಅವನು ನಿನ್ನ ಬೆಡ್‌ಶೀಟ್ ಒಳಗೆ ಮಲಗೋದು, ಗೊತ್ತಲ್ಲ?"

ಗೊತ್ತಿತ್ತು. ನಾನು ಬರೆಯುವಾಗ ನನ್ನ ಪಾದದ ಮೇಲೆ ಗಲ್ಲವಿಟ್ಟು ಮಲಗುವ ನಾಯಿ ಅದು. ಸೋಫಾ ತಿಂದ ಮೇಲೆ ನಾನು ಬೈದರೆ ಮೂಲೆಗೆ ಹೋಗಿ ಗೋಡೆಗೆ ಮುಖ ಹಾಕಿ ಕೂರುವ ನಾಯಿ. ನಾನೂ ಬೇಡ ಅಂದೆ. ಯಜಮಾನರು ಮಾತ್ರ, "ನೀವಿಬ್ರೂ ನಾಯಿಯ ಬಗ್ಗೆ ಮಾತಾಡುದಾ ನಿಮ್ಮ ಬಗ್ಗೆ ಮಾತಾಡುದಾ?" ಅಂತ ಕೇಳಿ ಸ್ನಾನಕ್ಕೆ ಹೋದರು.

ಜಾಗ ಹುಡುಕಿದವನು ನಿಖಿಲ್. ಸಮುದ್ರದ ನೀರು ಒಳನುಗ್ಗುವ ಖಾರಿಯ ಕಡೆ, ಮ್ಯಾಂಗ್ರೋವ್ ಪೊದೆಗಳ ಅಂಚಿನಲ್ಲಿ, ಹೊಸ ರಸ್ತೆಯೊಂದು ಕಟ್ಟಿ ಮುಗಿದಿತ್ತು. ಉದ್ಘಾಟನೆಗೆ ಯಾರಿಗೋ ಪುರುಸೊತ್ತು ಸಿಕ್ಕಿರಲಿಲ್ಲ. ಎರಡೂ ತುದಿಯಲ್ಲಿ ಬ್ಯಾರಿಕೇಡ್. ಭಾನುವಾರ ಬೆಳಿಗ್ಗೆ ಅಲ್ಲಿ ಸೈಕಲ್ಲಿನವರು, ವಾಕಿಂಗಿನ ಅಜ್ಜಂದಿರು, ಸ್ಕೂಟರ್ ಕಲಿಯುವ ಹೆಂಗಸರು, ಹೀಗೆ ಜಾಗ ಸಿಗದ ಊರಿನ ಜನರೆಲ್ಲ ಬಂದು ಸೇರುತ್ತಿದ್ದರು. ನಾವು ಎಲ್ಲರಿಗಿಂತ ಮೊದಲು, ರಸ್ತೆ ಖಾಲಿ ಇರುವಾಗಲೇ ಹೋಗುತ್ತಿದ್ದೆವು.

ಮೊದಲ ಭಾನುವಾರ ನಿಖಿಲ್ ಬೆಲ್ಟ್ ಬಿಚ್ಚಿದ. ಚೀಕೂ ಒಂದು ಕ್ಷಣ ನಂಬಲಿಲ್ಲ. ನಮ್ಮಿಬ್ಬರ ಮುಖ ನೋಡಿದ. ಆಮೇಲೆ ಹೋದ.

ಅಷ್ಟು ದಿನ ನಾನು ಅವನನ್ನು ಸಾಕಿದ್ದೆ, ಉಣಿಸಿದ್ದೆ, ಅವನಿಂದ ಬಿದ್ದೂ ಇದ್ದೆ. ಆದರೆ ಅವನು ಏನೆಂದು ನೋಡಿದ್ದು ಅವತ್ತೇ. ಬೆನ್ನು ಬಿಲ್ಲಿನಂತೆ ಬಾಗಿ ಬಿಚ್ಚಿಕೊಳ್ಳುತ್ತಿತ್ತು. ಕಾಲುಗಳು ನೆಲವನ್ನು ಮುಟ್ಟುತ್ತಿದ್ದುದೇ ಕಾಣುತ್ತಿರಲಿಲ್ಲ. ಸದ್ದೇ ಇಲ್ಲ. ಮನೆಯಲ್ಲಿ ಮೇಜು ಕುರ್ಚಿಗೆಲ್ಲ ಡಿಕ್ಕಿ ಹೊಡೆಯುವ ಆ ಪೆದ್ದ ನಾಯಿ ಇದೇನಾ? ರಸ್ತೆಯ ತುದಿಯಲ್ಲಿ ಚುಕ್ಕೆಯಾಗಿ, ತಿರುಗಿ, ಮತ್ತೆ ದೊಡ್ಡದಾಗುತ್ತ ಬಂದು ನಮ್ಮನ್ನು ದಾಟಿ ಹೋಯಿತು. ನಿಖಿಲ್ ಮೊಬೈಲಿನಲ್ಲಿ ವಿಡಿಯೋ ತೆಗೆಯುತ್ತ ನಗುತ್ತಿದ್ದ. ಮಗ ಹಾಗೆ ನಕ್ಕಿದ್ದನ್ನು ನೋಡಿ ಬಹಳ ದಿನವಾಗಿತ್ತು. ನನಗೆ ಯಾಕೋ ಕಣ್ಣು ತುಂಬಿ ಬಂತು.

ಅದಾದ ಮೇಲೆ ಭಾನುವಾರವೇ ನಮ್ಮ ವಾರದ ಮುಖ್ಯ ದಿನ. ಸೋಮವಾರ ಮಂಗಳವಾರ ನಾಯಿ ಶಾಂತ. ಬುಧವಾರ ಗೊಣಗಾಟ. ಶುಕ್ರವಾರದ ಹೊತ್ತಿಗೆ ಬಾಗಿಲಿನ ಮೂಲೆ. ಆದರೂ ನಡೆದುಕೊಂಡು ಹೋಗುತ್ತಿತ್ತು. ಮಳೆಗಾಲ ಮುಗಿದ ಮೇಲೆ ಕಾಲಿನ ಗಾಯವೂ ಒಣಗಿತು.

ದೀಪಾವಳಿ ಕಳೆದ ಮೇಲಿನ ಒಂದು ಭಾನುವಾರ, ಎಂದಿನಂತೆ ಹೋದೆವು. ರಸ್ತೆ ಖಾಲಿಯಾಗಿತ್ತು. ಆ ತುದಿಯ ಬ್ಯಾರಿಕೇಡನ್ನು ಯಾರೋ ಪಕ್ಕಕ್ಕೆ ಸರಿಸಿದ್ದರು. ಶಾರ್ಟ್‌ಕಟ್ ಸಿಕ್ಕರೆ ಬಿಡುವ ಊರು ಇದಲ್ಲ. ನಾವು ಈ ತುದಿಯಲ್ಲಿದ್ದೆವು, ನಮಗೆ ಕಾಣಲಿಲ್ಲ.

ಚೀಕೂ ಅರ್ಧ ದಾರಿಯಲ್ಲಿದ್ದಾಗ ಮ್ಯಾಂಗ್ರೋವ್ ಕಡೆಯಿಂದ ಒಂದು ಬೆಳ್ಳಕ್ಕಿ ಎದ್ದಿತು. ಎದ್ದು ರಸ್ತೆಗೆ ಅಡ್ಡಲಾಗಿ, ಕೆಳಮಟ್ಟದಲ್ಲೇ ಹಾರಿತು. ಈ ನಾಯಿಗಳು ಕಣ್ಣಿನಿಂದ ಬೇಟೆಯಾಡುವ ನಾಯಿಗಳು. ಏನನ್ನಾದರೂ ನೋಡಿದವೆಂದರೆ ಕಿವಿ ಕೆಲಸ ಮಾಡುವುದಿಲ್ಲ. ತಿರುವಿನಿಂದ ಒಂದು ಟೆಂಪೋ ಬಂತು. ನಿಖಿಲ್ ಕೂಗಿದ. ನಾನೂ ಕೂಗಿದೆ. ಟೆಂಪೋ ಹಾರ್ನ್ ಹೊಡೆಯಿತು. ಚೀಕೂವಿನ ಪಾಲಿಗೆ ಇಡೀ ಜಗತ್ತಿನಲ್ಲಿ ಆಗ ಆ ಬಿಳಿ ಹಕ್ಕಿ ಒಂದೇ ಇತ್ತು.

ಡ್ರೈವರ್ ಬ್ರೇಕ್ ಹಾಕಿದ್ದ. ಅದಕ್ಕೇ ಜೀವ ಉಳಿಯಿತು. ಅವನು ಇಳಿದು ಬಂದು ರಸ್ತೆಯಲ್ಲೇ ತಲೆಯ ಮೇಲೆ ಕೈ ಹೊತ್ತು ಕೂತ. "ದೀದೀ, ಮೈನೇ ದೇಖಾ ನಹೀಂ, ಕಸಂ ಸೇ," ಎಂದು ಅದನ್ನೇ ಹೇಳುತ್ತಿದ್ದ. ನೋಡಲಿಲ್ಲ ಅಂದರೆ ಸುಳ್ಳಲ್ಲ. ಅಷ್ಟು ವೇಗವಾಗಿ ಬರುವುದನ್ನು ಈ ಊರಿನಲ್ಲಿ ಯಾರು ನೋಡಿದ್ದಾರೆ? ಮದುವೆ ಮಂಟಪದ ಕುರ್ಚಿ ಸಾಗಿಸುವ ಟೆಂಪೋ ಅದು. ಅವನೇ ಕುರ್ಚಿಗಳನ್ನು ಸರಿಸಿ ಜಾಗ ಮಾಡಿದ, ಕೂರುವ ಗಾದಿಯೊಂದನ್ನು ಹಾಸಿದ. ಕೆಂಪು ವೆಲ್ವೆಟ್ ಕುರ್ಚಿಗಳ ನಡುವೆ ನಾಯಿಯನ್ನು ತೊಡೆಯ ಮೇಲೆ ಹಾಕಿಕೊಂಡು ನಾವು ಆಸ್ಪತ್ರೆಗೆ ಹೋದೆವು. ಚೀಕೂ ಅಳಲಿಲ್ಲ. ನಡುಗುತ್ತಿದ್ದ, ಅಷ್ಟೇ.

ಸೊಂಟದ ಮೂಳೆ ಮುರಿದಿತ್ತು. ನರಕ್ಕೂ ಪೆಟ್ಟಾಗಿತ್ತು. ಆಪರೇಷನ್ ಆಯಿತು. ಬಹಳ ದಿನ ಮನೆ ಪೂರ್ತಿ ಔಷಧಿಯ ವಾಸನೆ.

"ನಡೀತಾನೆ. ಕುಂಟ್ತಾ ಕುಂಟ್ತಾ ನಡೀತಾನೆ. ಓಡೋ ವಿಷಯ ಮರೆತುಬಿಡಿ," ಅಂದರು ಡಾಕ್ಟರ್.

ನಾವು ಮರೆಯಬಹುದು. ಅವನಿಗೆ ಯಾರು ಹೇಳುವುದು? ಈಗಲೂ ನಿದ್ದೆಯಲ್ಲಿ ಅವನ ಮುಂಗಾಲೆರಡೂ ಗಾಳಿಯಲ್ಲಿ ಓಡುತ್ತವೆ. ಹಿಂಗಾಲು ಸುಮ್ಮನಿರುತ್ತವೆ. ಮೊದಲ ಸಲ ಅದನ್ನು ನೋಡಿದ ದಿನ ನಾನು ಅಡುಗೆಮನೆಗೆ ಹೋಗಿ, ಏನೂ ಕೆಲಸವಿಲ್ಲದಿದ್ದರೂ, ನಲ್ಲಿ ಬಿಟ್ಟು ನಿಂತುಕೊಂಡೆ.

ನಿಖಿಲ್ ಒಂದು ವಾರ ಕೆಲಸಕ್ಕೆ ಹೋಗಲಿಲ್ಲ. ಒಂದು ಮಧ್ಯಾಹ್ನ ಊಟಕ್ಕೆ ಕರೆಯಲು ಅವನ ರೂಮಿಗೆ ಹೋದೆ. ಕಂಪ್ಯೂಟರಿನಲ್ಲಿ ಆ ಮೊದಲ ಭಾನುವಾರದ ವಿಡಿಯೋ ಇತ್ತು. ನಿಲ್ಲಿಸಿ, ಮುಂದೆ ಸರಿಸಿ, ಮತ್ತೆ ನಿಲ್ಲಿಸಿ ನೋಡುತ್ತಿದ್ದ. ಒಂದು ಚಿತ್ರದಲ್ಲಿ ಚೀಕೂವಿನ ನಾಲ್ಕೂ ಕಾಲು ನೆಲ ಬಿಟ್ಟಿದ್ದವು. ಅಲ್ಲಿಗೆ ಬಂದು ಅವನ ಕೈ ನಿಂತಿತ್ತು.

"ಮಮ್ಮೀ, ಅವತ್ತು ಅವನನ್ನ ಕೊಟ್ಟುಬಿಡ್ಬೇಕಿತ್ತಾ?" ತಿರುಗದೆಯೇ ಕೇಳಿದ. ಶುದ್ಧ ಕನ್ನಡದಲ್ಲಿ ಕೇಳಿದ.

ಹೌದು ಅಂದರೆ ಅವನನ್ನು ಚುಚ್ಚಿದಂತೆ. ಇಲ್ಲ ಅಂದರೆ ಸುಳ್ಳು. ಬೇಡ ಅಂದವರಲ್ಲಿ ನಾನೂ ಇದ್ದೆನಲ್ಲ? "ಊಟಕ್ಕೆ ಬಾ," ಅಂದೆ. ತಾಯಂದಿರಿಗೆ ಇದೊಂದು ಸೌಕರ್ಯವಿದೆ, ಯಾವ ಪ್ರಶ್ನೆಗಾದರೂ ಊಟಕ್ಕೆ ಬಾ ಅನ್ನಬಹುದು.

ಸುದ್ದಿ ಕೇಳಿ ಮೆಹಬೂಬ್ ಭಾಯಿ ಬಂದರು. ಮೆತ್ತಗಿನ ಫೋಮ್ ಹಾಕಿ, ಮೇಲೆ ರೆಕ್ಸಿನ್ ಹೊಲಿದು, ಚೀಕೂಗೆಂದೇ ಒಂದು ಗಾದಿ ಮಾಡಿಕೊಂಡು ಬಂದಿದ್ದರು. ಅವನು ಎದ್ದು ಅವರ ಎದೆಗೆ ಕಾಲಿಡಲು ನೋಡಿದ. ಅರ್ಧ ಎದ್ದು ಜಾರಿ ಕೂತ. ಮೆಹಬೂಬ್ ಭಾಯಿ ಮುಖ ಪಕ್ಕಕ್ಕೆ ತಿರುಗಿಸಿಕೊಂಡರು.

ನಿಖಿಲ್ ಅವರ ಎದುರು ಬಂದು ಕೂತ. "ಅಂಕಲ್, ಈಗ ಕರ್ಕೊಂಡು ಹೋಗ್ತೀರಾ? ನಿಮ್ಮ ಊರಿಗೆ? ಮೈ ಭೀ ಬರ್ತೀನಿ ಸಾಥ್ ಮೇ, ಬಿಟ್ಟು ಬರ್ತೀನಿ."

ಅವರು ನಾಯಿಯ ಕಿವಿ ಸವರಿದರು.

"ಈಗ ಬ್ಯಾಡಪ್ಪಾ. ನಮ್ಮ ಕಡೆ ನಾಯಿ ಓಡೂತನಕ ಅದಕ್ಕ ಮಾನ. ಕುಂಟ ನಾಯೀನ ಹೊಲದಾಗ ಯಾರ್ ನೋಡ್ತಾರ? ಸುಳ್ಳ ಹೇಳಿ ಒಯ್ಯೂದು ಬ್ಯಾಡ. ಇಲ್ಲೇ ಇರ್ಲಿ ಬಿಡು. ಇಲ್ಲಿ ಸುಮ್ನ ಬಿದ್ಕೊಂಡಿದ್ರೂ ಅನ್ನ ಹಾಕೂ ಮಂದಿ ಅದಾರ."

ನಿಖಿಲ್ ತಲೆಯಾಡಿಸಿದ. ಅವರು ಹೋದ ಮೇಲೆ ಬಾಗಿಲು ಹಾಕಿಕೊಂಡು ರೂಮಿನಲ್ಲಿ ಕೂತ. ನಾನು ಬಾಗಿಲು ತಟ್ಟಲಿಲ್ಲ.

ಓದುಗರೇ, ಇದನ್ನು ಬರೆಯುವಾಗ ಒಂದು ಪಾಠ ಹೇಳಿ ಮುಗಿಸೋಣ ಅಂತ ನನಗೂ ಅನಿಸಿತ್ತು. ಫ್ಲ್ಯಾಟಿನಲ್ಲಿ ಬೇಟೆನಾಯಿ ಸಾಕಬೇಡಿ, ರೀಲ್ ನೋಡಿ ಮರಿ ತರಿಸಬೇಡಿ, ಇತ್ಯಾದಿ. ಬೇಡ ಎಂದರೆ ಯಾರಾದರೂ ಬಿಡುತ್ತಾರೆಯೇ? ಮೊನ್ನೆ ತಾನೇ ಪಕ್ಕದ ವಿಂಗಿನಲ್ಲಿ ಒಬ್ಬರು ಹಿಮದ ದೇಶದ ಉಣ್ಣೆಯಂಥ ನಾಯಿಯೊಂದನ್ನು ತಂದಿದ್ದಾರೆ. ಅದು ದಿನವಿಡೀ ಎಸಿಯ ಕೆಳಗೆ ಮಲಗಿರುತ್ತದೆಯಂತೆ. ಪ್ರೀತಿಯಿಂದಲೇ ತಂದಿದ್ದಾರೆ. ನಾವೂ ಪ್ರೀತಿಯಿಂದಲೇ ಇಟ್ಟುಕೊಂಡಿದ್ದು. ಪ್ರೀತಿ ಕಡಿಮೆ ಬಿದ್ದು ಹೀಗಾಯಿತು ಅಂತ ಯಾರಾದರೂ ಅಂದರೆ ನಾನು ಒಪ್ಪುವುದಿಲ್ಲ. ಕಡಿಮೆ ಬಿದ್ದದ್ದು ಪ್ರೀತಿಯಲ್ಲ, ನೆಲ.

ಕಳೆದ ವಾರ ಮೊದಲ ಬಾರಿ ಅವನನ್ನು ಕೆಳಗೆ ಕರೆದುಕೊಂಡು ಹೋದೆ. ಬೆಲ್ಟ್ ಬೇಕೇ ಆಗಲಿಲ್ಲ. ಅವನು ನನ್ನ ಮಂಡಿಯ ವೇಗಕ್ಕೇ ಬಂದ. ಮೆಟ್ಟಿಲ ಮೇಲಿನ ಮಕ್ಕಳು ಮೊಬೈಲ್ ಬಿಟ್ಟು ಬಂದು ಅವನ ತಲೆ ಸವರಿದರು. ದೇಸಾಯಿ ಆಂಟಿ ಲಿಫ್ಟಿನಿಂದ ಇಳಿದವರೇ ಮತ್ತೆ ಮೇಲೆ ಹೋಗಿ ಅವನಿಗಾಗಿ ಒಂದು ಬಟ್ಟಲು ಹಾಲು ತಂದರು. ಯಾರ ಮುಖದಲ್ಲೂ ಕೃತ್ರಿಮವಿರಲಿಲ್ಲ. ಅದೇ ನನಗೆ ತಡೆಯಲಾಗದ್ದು.

ಅಷ್ಟರಲ್ಲಿ ಪರಬ್ ಸಾಹೇಬರು ಬಂದರು. ಕುಕ್ಕರುಗಾಲಲ್ಲಿ ಕೂತು ಚೀಕೂವಿನ ಗಲ್ಲ ಹಿಡಿದು, ನನ್ನತ್ತ ನೋಡಿ, ಮನಸ್ಸು ತುಂಬಿ ನಕ್ಕರು.

"ಅಬ್ ಕಿತನಾ ಅಚ್ಛಾ ಹೋ ಗಯಾ ಹೈ ಭಾಭೀ. ಏಕ್ದಮ್ ಶಾಂತ್!"

ಈಗ ಎಷ್ಟು ಒಳ್ಳೆಯವನಾಗಿಬಿಟ್ಟಿದ್ದಾನೆ ಎಂದು. ನಾನು ಥ್ಯಾಂಕ್ಯೂ ಅಂದೆ. ಇನ್ನೇನು ಹೇಳಬೇಕಿತ್ತು, ನೀವೇ ಹೇಳಿ?